ಟಿಕೆಟ್ಟಿಲ್ಲದ ಆಲೂಗಡ್ಡೆ

ನಮ್ಮ ಅತ್ತೆಯ ತಟ್ಟೆಯಲ್ಲಿ ಕೂರಬೇಕಾದರೆ ಆಲೂಗಡ್ಡೆಗೂ ಟಿಕೆಟ್ ಬೇಕು. ನಂಬದಿದ್ದರೆ ಬಿಡಿ, ಕಣ್ಣಾರೆ ನೋಡದೆ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ. ಪಲ್ಯದೊಳಗಿಂದ ಒಂದು ಹೋಳನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, "ನೀನು ಎಲ್ಲಿ ಹತ್ತಿದ್ದು?" ಎಂದು ಕೇಳುತ್ತಾಳೆ. ಆಲೂಗಡ್ಡೆ ಸುಮ್ಮನಿರುತ್ತದೆ. ಸುಮ್ಮನಿರುವ ಪ್ರಯಾಣಿಕರನ್ನು ಅತ್ತೆ ಇಪ್ಪತ್ತೆಂಟು ವರ್ಷ ನೋಡಿದ್ದಾಳೆ. ಅವರ ಹತ್ತಿರ ಟಿಕೆಟ್ ಇರುವುದಿಲ್ಲ ಎಂಬುದು ಅವಳ ಅನುಭವ. ಹೋಳು ತಟ್ಟೆಯಿಂದ ಇಳಿಯುತ್ತದೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ, ಅಲ್ಲಿಂದ ವಾಪಸ್ಸು. ನಡುವೆ ಕೆಲವು ವರ್ಷ ಹಿರಿಯೂರಿನ ಕಡೆ. ಹೆಂಗಸು ಕಂಡಕ್ಟರ್ ಹೇಗಿರುತ್ತಾಳೆ ಎಂದು ಬರೀ ನೋಡಲು ಬಸ್ಸು ಹತ್ತಿದವರಿಗೂ ಟಿಕೆಟ್ ಹರಿದು ಕೊಟ್ಟು ಕಳಿಸಿದವಳು. ಈಗ ನಿವೃತ್ತಿಯಾಗಿ ಹೊಸದುರ್ಗದ ಪಕ್ಕದ ಹಳ್ಳಿಯಲ್ಲಿದ್ದಾಳೆ. ಮಾವ ತೀರಿಕೊಂಡು ಬಹಳ ದಿನವಾಯಿತು, ಮಕ್ಕಳಿಲ್ಲ. ಮಳೆಯನ್ನೇ ನಂಬಿದ ಎರಡೆಕರೆ ಬೆದ್ದಲು ಹೊಲವಿದೆ. ಒಂದರಲ್ಲಿ ಸಾವೆ ಎಂಬ ಸಿರಿಧಾನ್ಯ, ಇನ್ನೊಂದರಲ್ಲಿ ರಾಗಿ. ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬಸ್ಸಿನಲ್ಲಿ ಹೆಂಗಸರಿಗೆ ಮೀಸಲು ಸೀಟು ಬಿಟ್ಟ ಹಾಗೆ ಸಾಲು ಬಿಟ್ಟು ಬಿತ್ತಿಸುತ್ತಾಳೆ.

ಅವಳ ಕಾನೂನು ಒಂದೇ ಸಾಲಿನದು: "ನನ್ನ ರೂಟು ದಾಟಿ ಬಂದಿದ್ದು ನನ್ನ ಗಂಟಲು ದಾಟಲ್ಲ." ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು. ಈ ನಾಲ್ಕು ತಾಲ್ಲೂಕಿನೊಳಗೆ ಹುಟ್ಟಿದ್ದು, ಈ ನಾಲ್ಕು ತಾಲ್ಲೂಕಿನ ಮಳೆ ಕುಡಿದದ್ದು ಮಾತ್ರ ಊಟ. ಉಳಿದದ್ದೆಲ್ಲ ಲಾರಿ ಹೊಗೆಗೆ ಉಪ್ಪು ಖಾರ ಹಾಕಿದ್ದು! ಹಾಗಾದರೆ ಉಪ್ಪು? ಉಪ್ಪು ಸಮುದ್ರದಿಂದ ಬರುತ್ತದಲ್ಲ ಅತ್ತೆ, ನಮ್ಮ ಜಿಲ್ಲೆಗೆ ಸಮುದ್ರ ಎಲ್ಲಿದೆ ಎಂದು ಕೇಳಿದೆ. ಉಪ್ಪಿಗೆ ಪಾಸಿದೆ ಎಂದಳು. ಔಷಧಿಗೆ? ಅದಕ್ಕೂ ಪಾಸು. ಕಾಫಿ ಪುಡಿಗೆ? ಅತ್ತೆ ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು. ದಿನಕ್ಕೆ ನಾಲ್ಕು ಲೋಟ ಕುಡಿಯುವವಳು. ಕಾಫಿ ತನಗಿಂತ ಹಿರಿಯದು, ಹಿರಿಯ ನಾಗರಿಕರಿಗೆ ರಿಯಾಯಿತಿ ಇರುತ್ತದೆ ಎಂದು ಹೇಳಿ ಮತ್ತೆ ಲೋಟ ಎತ್ತಿದಳು.

ಈ ಹುಚ್ಚು ಯಾವಾಗ ಹಿಡಿಯಿತು ಎಂದು ಜನ ಕೇಳುತ್ತಾರೆ. ಯಾವುದೋ ಡಾಬಾದ ಊಟ ತಿಂದು ಮೂರು ದಿನ ಮಲಗಿದ್ದಳು, ಎದ್ದಾಗ ಹೀಗಾಗಿದ್ದಳು ಎಂದು ಒಬ್ಬರಿಗೆ ಹೇಳಿದ್ದೇನೆ. ಬಸ್ಸಿನ ಟಾಪಿನ ಮೇಲೆ ಕೊಳೆತ ಹಣ್ಣಿನ ಬುಟ್ಟಿ ನೋಡಿದ ಮೇಲೆ ಎಂದು ಇನ್ನೊಬ್ಬರಿಗೆ. ಎರಡೂ ಚೆನ್ನಾಗಿವೆ. ಚೆನ್ನಾಗಿವೆ ಎಂಬುದೇ ನನಗೆ ಅನುಮಾನ. ಮನುಷ್ಯರು ಒಂದು ಮಂಗಳವಾರ ಬೆಳಿಗ್ಗೆ ಎದ್ದು ಕಾರಣ ಸಮೇತ ಬದಲಾಗುವುದನ್ನು ನಾನು ಕಂಡಿಲ್ಲ.

ಒಮ್ಮೆ ದುರ್ಗದ ಹೋಟೆಲೊಂದಕ್ಕೆ ಅವಳನ್ನು ಕರೆದುಕೊಂಡು ಹೋದೆ. ತಪ್ಪು ನನ್ನದೇ. ಸಪ್ಲೈಯರು ಸಾಂಬಾರ್ ಬಟ್ಟಲು ಇಟ್ಟ ತಕ್ಷಣ ಟೊಮೆಟೊ ಯಾವ ಊರಿನದು ಎಂದು ವಿಚಾರಣೆ ಶುರುವಾಯಿತು. ಅವನು ಮಾರ್ಕೆಟ್ಟಿನದು ಎಂದ.

"ಮಾರ್ಕೆಟ್ಟು ಊರಲ್ಲಪ್ಪ, ಸ್ಟಾಪು," ಎಂದಳು ಅತ್ತೆ. "ಹತ್ತಿದ್ದು ಎಲ್ಲಿ ಹೇಳು."

ಸಪ್ಲೈಯರು ಮಾಲೀಕರನ್ನು ಕರೆತಂದ. ಮಾಲೀಕರು ತರಕಾರಿಯವನಿಗೆ ಫೋನು ಮಾಡಿದರು. ತರಕಾರಿಯವನು ಮಂಡಿಯವನಿಗೆ ಮಾಡಿದ. ನನ್ನ ಇಡ್ಲಿ ತಣ್ಣಗಾಯಿತು. ಕೊನೆಗೆ ಸುದ್ದಿ ಬಂತು: ಟೊಮೆಟೊ ಬೆಳೆದದ್ದು ಹಿರೇಗುಂಟನೂರಿನಲ್ಲಿ. ನಾವು ಕೂತ ಕುರ್ಚಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ! ಆದರೆ ಅದು ಅಲ್ಲಿಂದ ಲಾರಿ ಹತ್ತಿ ಬೆಂಗಳೂರಿನ ಮಂಡಿಗೆ ಹೋಗಿ, ಹರಾಜಾಗಿ, ಇನ್ನೊಂದು ಲಾರಿ ಹತ್ತಿ ದುರ್ಗಕ್ಕೆ ಬಂದಿತ್ತು. ಗೆದ್ದೆವೋ ಸೋತೆವೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅತ್ತೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಅರ್ಧ ಗಂಟೆ ಹಾದಿಗೆ ಬೆಂಗಳೂರು ಸುತ್ಕೊಂಡು ಬಂದೈತಲ್ಲೋ. ಈ ಡೀಸಲ್ ಹೊಗೆಯೆಲ್ಲ ಯಾರ ಎದೆಗೆ ಹೋತು?"

ನಿಮಗೆ ಉತ್ತರ ಗೊತ್ತಿದ್ದರೆ ಅತ್ತೆಗೆ ತಿಳಿಸಿ. ಮಾಲೀಕರು ಪೀಡೆ ತೊಲಗಲಿ ಎಂದು ಹಿರೇಗುಂಟನೂರಿನ ಹೆಸರನ್ನು ಬಾಯಿಗೆ ಬಂದಂತೆ ಹೇಳಿರಲೂಬಹುದು. ಆದರೆ ಅಂಥ ಟೊಮೆಟೊಗಳು ದಿನಾ ಓಡಾಡುತ್ತಿವೆ ಎಂಬುದು ಮಾಲೀಕರ ಬಾಯಿಗೆ ಬಂದ ಮಾತಲ್ಲ.

ಇನ್ನೊಂದು ಸಲ ನೆಂಟರೆಲ್ಲ ಸೇರಿ ಮಾರಿಕಣಿವೆಗೆ ಹೋಗಿದ್ದೆವು. ಅಣೆಕಟ್ಟೆಯ ತುಂಬ ನೀರು. ಜನ ನೀರಿಗೆ ಬೆನ್ನು ತಿರುಗಿಸಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಮೀನು ಹುರಿಯುವ ಗಾಡಿಯೊಂದು ನಿಂತಿತ್ತು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ಮೀನಿನ ವಾಸನೆಗೇ ಸೆರಗು ಮೂಗಿಗೇರುತ್ತದೆ. ಹಿರಿಯರೊಬ್ಬರು ಗಾಡಿಯವನಿಗೆ ಅತ್ತ ಹೋಗು ಎಂದು ಗದರಿದರು. ಅತ್ತೆ ಹೋಗಿ ಗಾಡಿಯ ಪಕ್ಕವೇ ನಿಂತಳು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು!

"ನಾನು ತಿನ್ನಲ್ಲ, ಅದು ಬೇರೆ ಮಾತು. ಈ ಮೀನು ಇದೇ ನೀರಾಗೆ ಹುಟ್ಟಿ ಇದೇ ದಂಡೆಗೆ ಬಂದೈತೆ. ಇದರ ಟಿಕೆಟ್ ಸರಿ ಐತೆ. ನಿಮ್ಮ ಬುತ್ತೀಲಿರೋ ಬಿಳೀ ಅನ್ನದ್ದು ತೋರಿಸ್ರಿ ನೋಡಾಣ."

ಆಮೇಲೆ ಭತ್ತದ ಗದ್ದೆ ಎಷ್ಟು ನೀರು ಕುಡಿಯುತ್ತದೆ, ಸಾವೆ ಎರಡು ಹದಮಳೆಗೆ ಹೇಗೆ ತೆನೆ ಕಟ್ಟುತ್ತದೆ ಎಂಬ ಭಾಷಣ. ಮೊಸರನ್ನದ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. ಮೀನಿನವನು ಮಾತ್ರ ಆ ದಿನ ಅವಳಿಗೆ ಕುಡಿಯಲು ಕಾಫಿ ತರಿಸಿಕೊಟ್ಟ. ನೆಂಟರು ಅವಳನ್ನು ಮುಂದಿನ ಪ್ರವಾಸಕ್ಕೆ ಕರೆಯಲಿಲ್ಲ. ಅವಳಿಗೇನೂ ಬೇಸರವಾಗಲಿಲ್ಲ. ಬಸ್ಸಿಗೆ ಯಾರು ಹತ್ತಿದರು ಎನ್ನುವುದಷ್ಟೇ ಕಂಡಕ್ಟರ್ ಲೆಕ್ಕ, ಯಾರು ಹತ್ತಲಿಲ್ಲ ಎನ್ನುವುದಲ್ಲವಂತೆ.

ಇಲ್ಲಿಯವರೆಗೆ ನಾನು ದೂರದಲ್ಲಿ ನಿಂತು ನಗುತ್ತಿದ್ದೆ. ಹೋದ ವರ್ಷ ನನ್ನ ಸರದಿ ಬಂತು.

ನಾನು ದುರ್ಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ವಯಸ್ಸು ಐವತ್ತೊಂದು. ಸಂಜೆ ಶಾಲೆ ಬಿಟ್ಟರೆ ಮಂಡಕ್ಕಿ ಮಿರ್ಚಿ, ಮನೆಗೆ ಹೋದರೆ ಎರಡು ಸಲ ಅನ್ನ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮಿತಿಮೀರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದರು. ನನ್ನ ಅಪ್ಪನಿಗೂ ಇದೇ ಕಾಯಿಲೆ. ಕಾಲಿನ ಗಾಯ ಮಾಯದೆ ಮೊದಲು ಎರಡು ಬೆರಳು ಹೋದವು, ಆಮೇಲೆ ಪಾದ, ಆಮೇಲೆ ಅಪ್ಪ. ಹಾಗಾಗಿ ಸೂಜಿ ಎಂದರೆ ನನಗೆ ಸೂಜಿ ಕಾಣಿಸಲಿಲ್ಲ, ಅಪ್ಪನ ಖಾಲಿ ಚಪ್ಪಲಿ ಕಾಣಿಸಿತು.

ಯಾರು ಹೇಳಿದರೋ, ಮರುದಿನವೇ ಅತ್ತೆ ಬಂದಿಳಿದಳು. ಈಗ ಹೆಂಗಸರಿಗೆ ಬಸ್ಸು ಉಚಿತ ತಾನೇ, ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಜೋಪಾನವಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಜೊತೆಗೆ ಒಂದು ಮೂಟೆ ಸಾವೆ ಅಕ್ಕಿ, ಒಂದು ಮೂಟೆ ರಾಗಿ ಹಿಟ್ಟು. ಎಷ್ಟು ದಿನ ಇರುತ್ತೀರಿ ಎಂದು ನನ್ನ ಹೆಂಡತಿ ಉಪಚಾರಕ್ಕೆ ಕೇಳಿದಳು. ಮೂರು ತಿಂಗಳು ಎಂದಳು ಅತ್ತೆ.

ಕೈಕಾಲು ತೊಳೆದವಳೇ ಅಡುಗೆಮನೆಗೆ ನುಗ್ಗಿದಳು. ನಾನು ಬುದ್ಧಿವಂತ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮೊಬೈಲು ಹೇಳಿದ್ದನ್ನೆಲ್ಲ ಆಗಲೇ ಕೊಂಡು ತಂದಿದ್ದೆ. ಓಟ್ಸ್ ಪೊಟ್ಟಣ, ಆಲಿವ್ ಎಣ್ಣೆ, ಹಸಿರು ಸೇಬು, ನಾಲ್ಕು ಕಿವಿ ಹಣ್ಣು. ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಸ್ಕ್ವಾಡಿನವರು ಟಿಕೆಟ್ಟಿಲ್ಲದವರನ್ನು ರಸ್ತೆ ಬದಿಗೆ ನಿಲ್ಲಿಸುತ್ತಾರಲ್ಲ, ಹಾಗೆ. ಕನ್ನಡಕ ಹಾಕಿಕೊಂಡು ಪೊಟ್ಟಣಗಳ ಹಿಂಭಾಗದ ಸಣ್ಣ ಅಕ್ಷರ ಓದಿದಳು. ಕಿವಿ ಹಣ್ಣನ್ನು ಅಂಗೈಯಲ್ಲಿ ಹೊರಳಿಸಿ, ಈ ಮೈಮೇಲೆ ಕೂದಲಿರುವ ಗಿರಾಕಿ ಯಾರು ಎಂದು ನನ್ನ ಹೆಂಡತಿಯನ್ನು ಕೇಳಿದಳು. ವಿದೇಶದ್ದು, ಬಹಳ ಸತ್ವವಂತೆ ಎಂದಳು ನನ್ನ ಹೆಂಡತಿ.

"ಹಡಗು ಹತ್ತಿ, ಲಾರಿ ಹತ್ತಿ, ಐಸಿನಾಗೆ ಕುಂತು ಬರೋ ಹೊತ್ತಿಗೆ ಅದಕ್ಕೇ ಸುಸ್ತಾಗಿರ್ತೈತೆ. ಇನ್ನ ನಿನ್ನ ಗಂಡಂಗೆ ಏನು ಸತ್ವ ಕೊಡ್ತೈತವ್ವ?"

ಬಿಸಾಡಿದಳು ಎಂದುಕೊಂಡಿರಾ? ಇಲ್ಲ. ಹತ್ತಿಸಿಕೊಂಡವರನ್ನು ನಡುದಾರಿಯಲ್ಲಿ ಇಳಿಸುವುದು ಪಾಪ. ಅನ್ನ ಚೆಲ್ಲುವುದು ಅದಕ್ಕಿಂತ ದೊಡ್ಡ ಪಾಪ. ಆ ನಾಲ್ಕು ಕಿವಿ ಹಣ್ಣುಗಳನ್ನು ಅವಳೇ ತಿಂದಳು. ಒಂದೊಂದು ಹೋಳಿಗೂ ಮುಖ ಹುಳ್ಳಗೆ ಮಾಡುತ್ತ, ನನ್ನನ್ನೇ ದಿಟ್ಟಿಸುತ್ತ ತಿಂದಳು. ಅಷ್ಟು ಪಶ್ಚಾತ್ತಾಪ ನನಗೆ ಯಾವ ಪ್ರವಚನದಲ್ಲೂ ಆಗಿಲ್ಲ.

ಮಾರನೆಯ ದಿನದಿಂದ ನನ್ನ ಹೊಟ್ಟೆ ಸರ್ಕಾರಿ ವೇಳಾಪಟ್ಟಿಯ ಪ್ರಕಾರ ನಡೆಯತೊಡಗಿತು. ಬೆಳಿಗ್ಗೆ ಏಳೂವರೆಗೆ ಅಂಬಲಿ. ಮಧ್ಯಾಹ್ನ ಶಾಲೆಗೆ ಡಬ್ಬಿ: ಒಂದು ಮುದ್ದೆ, ಬೆರಕೆ ಸೊಪ್ಪಿನ ಸಾರು, ಹಸಿ ಈರುಳ್ಳಿ. ರಾತ್ರಿ ಎಂಟರೊಳಗೆ ಸಾವೆ ಅನ್ನ, ಅದೂ ನನ್ನ ಮುಷ್ಟಿಯಷ್ಟು. ಸೊಪ್ಪಿಗೆ ಭಾನುವಾರ ನನ್ನನ್ನೇ ಅವಳ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಕಳೆ ಎಂದು ನಾನು ತುಳಿದು ನಿಂತದ್ದೇ ಅಣ್ಣೆ ಸೊಪ್ಪಾಗಿರುತ್ತಿತ್ತು. ನೀರು ಬಿಟ್ಟವರಿಲ್ಲ, ಗೊಬ್ಬರ ಹಾಕಿದವರಿಲ್ಲ, ಔಷಧಿ ಹೊಡೆದವರಿಲ್ಲ. ತಾನೇ ಹುಟ್ಟಿ ಬಾಗಿಲಿಗೆ ಬಂದು ನಿಂತದ್ದನ್ನು ತುಳಿದು, ದುಡ್ಡು ಕೊಟ್ಟು ಕೂದಲು ಹಣ್ಣು ತರುತ್ತೀಯಲ್ಲ ಎಂದು ಬೆನ್ನು ಬಗ್ಗಿಸಿಕೊಂಡೇ ಬೈಯುತ್ತಿದ್ದಳು. ಸುತ್ತಲಿನ ಹೊಲಗಳಿಗೆಲ್ಲ ಬೋರು ಕೊರೆಸಿ ಅಡಿಕೆ ಸಸಿ ಇಟ್ಟಿದ್ದಾರೆ. ಅವರು ಅತ್ತೆಯನ್ನು ನೋಡಿ ನಗುತ್ತಾರೆ. ಅತ್ತೆಯೂ ಅವರನ್ನು ನೋಡಿ ನಗುತ್ತಾಳೆ. ಯಾರ ನಗು ಕೊನೆಯವರೆಗೆ ಬರುತ್ತದೋ ನೀರೇ ಹೇಳಬೇಕು.

ನಾನು ಸುಮ್ಮನೆ ಶರಣಾದೆ ಎಂದು ತಿಳಿಯಬೇಡಿ. ಒಂದು ಸಂಜೆ ಕದ್ದು ಮಿರ್ಚಿ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ಹಿಡಿದಳು. ನಾನೂ ತಯಾರಾಗಿದ್ದೆ. ಮೆಣಸಿನಕಾಯಿ ನಿನ್ನ ರೂಟಿನದೇ ಅತ್ತೆ, ಬೇಕಾದರೆ ಗಾಡಿಯವನನ್ನೇ ಕೇಳು ಎಂದೆ. "ಮೆಣಸಿನಕಾಯಿದು ಸರಿ ಐತಪ್ಪ. ಅದು ಮುಳುಗಿ ಎದ್ದ ಪಾಮ್ ಎಣ್ಣೆ ಯಾವ ದೇಶದ ಕಾಡು ಕಡಿದು ಬಂದಿದ್ದು?" ಎಂದಳು. ಮರುದಿನ ಗಾಣದಿಂದ ಶೇಂಗಾ ಎಣ್ಣೆ ತಂದು ತಾನೇ ಎರಡು ಮಿರ್ಚಿ ಕರಿದು ಕೊಟ್ಟಳು. ಸರಿಯಾಗಿ ಎರಡು. ಅಷ್ಟು ರುಚಿಯಾದ ಮಿರ್ಚಿ ನಾನು ಈವರೆಗೆ ತಿಂದಿಲ್ಲ ಎಂದು ಬರೆಯಬೇಕು. ಆದರೆ ನಿಜವೆಂದರೆ ಗಾಡಿಯದೇ ರುಚಿ ಹೆಚ್ಚು. ಅತ್ತೆ ಎಲ್ಲದರಲ್ಲೂ ಸರಿ ಎಂದು ನಾನು ಯಾವಾಗ ಹೇಳಿದೆ?

ಎರಡು ತಿಂಗಳು ಮೂರು ವಾರ ಕಳೆಯಿತು. ಪ್ಯಾಂಟು ಸಡಿಲವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಇನ್ನೊಂದೇ ವಾರ, ಆಮೇಲೆ ಪರೀಕ್ಷೆ. ನಾನೂ ಅತ್ತೆಯೂ ಎಸ್ಸೆಸ್ಸೆಲ್ಸಿ ಮಕ್ಕಳ ಹಾಗೆ ದಿನ ಎಣಿಸುತ್ತಿದ್ದೆವು. ಆ ವಾರವೇ ಹೊಳಲ್ಕೆರೆಯಲ್ಲಿ ನೆಂಟರ ಮದುವೆ ಬಂತು. ಹೆಂಡತಿಗೆ ಮೈಗೆ ಹುಷಾರಿರಲಿಲ್ಲ, ನಾವಿಬ್ಬರೇ ಹೊರಟೆವು. ಅತ್ತೆ ಇಬ್ಬರಿಗೂ ಬುತ್ತಿ ಕಟ್ಟಿ ಬಟ್ಟೆಚೀಲಕ್ಕೆ ಹಾಕಿಕೊಂಡಳು. ನಾನು ಏಳೂವರೆಗೆ ಅಂಬಲಿ ಕುಡಿದು ಮಾತ್ರೆ ನುಂಗಿದೆ.

ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕಿದ್ದಾಯಿತು. ಹನ್ನೆರಡೂವರೆಗೆ ಊಟಕ್ಕೆ ಕರೆದರು. ಅತ್ತೆ ಪಕ್ಕಕ್ಕೆ ಕೈ ಹಾಕಿದಳು. ಚೀಲವಿರಲಿಲ್ಲ.

ಚೀಲ ಬಸ್ಸಿನಲ್ಲಿತ್ತು. ಅಭ್ಯಾಸಬಲ ನೋಡಿ! ಹತ್ತಿದವಳೇ ಅದನ್ನು ಕಂಡಕ್ಟರ್ ಸೀಟಿನ ಕೆಳಗೆ ಇಟ್ಟಿದ್ದಳು. ಇಪ್ಪತ್ತೆಂಟು ವರ್ಷ ಅಲ್ಲಿಟ್ಟ ಚೀಲ ಒಂದು ದಿನವೂ ಕಳೆದಿರಲಿಲ್ಲ. ಹೇಗೆ ಕಳೆಯುತ್ತದೆ? ಚೀಲದ ಜೊತೆ ಅವಳೂ ಕೊನೆಯ ಸ್ಟಾಪಿನವರೆಗೆ ಹೋಗುತ್ತಿದ್ದಳು. ಪ್ರಯಾಣಿಕಳಾಗಿ ನಡುವೆ ಇಳಿಯುವುದು ಅವಳಿಗೆ ರೂಢಿಯಿಲ್ಲ. ಈಗ ಅತ್ತೆ ಹೊಳಲ್ಕೆರೆಯಲ್ಲಿ, ಮುದ್ದೆ ಹೊಸದುರ್ಗದಲ್ಲಿ.

ಆ ಬಸ್ಸು ಯಾವ ಟ್ರಿಪ್ಪಿಗೆ ಎಲ್ಲಿರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಎರಡು ಗಂಟೆ ಹತ್ತು ನಿಮಿಷಕ್ಕೆ ಇದೇ ಸ್ಟ್ಯಾಂಡಿಗೆ ವಾಪಸ್ಸು ಬರುತ್ತದೆ ಎಂದಳು. ಅಲ್ಲಿಯವರೆಗೆ? ಒಳಗೆ ಇಣುಕಿ ನೋಡಿದೆವು. ಬಾಳೆ ಎಲೆಯ ಬಣ್ಣದ ಪ್ಲಾಸ್ಟಿಕ್ ಎಲೆ. ಎಲೆಗೊಂದು ನೀರಿನ ಬಾಟಲಿ. ಎರಡು ಗುಟುಕು ಕುಡಿದು ಬಿಟ್ಟವು ಆಗಲೇ ಮೇಜಿನ ಕೆಳಗೆ ಉರುಳಾಡುತ್ತಿದ್ದವು. ಗೋಬಿ ಮಂಚೂರಿ, ಬೇಬಿ ಕಾರ್ನು, ಮೂರು ಬಣ್ಣದ ಸಿಹಿ, ಬೆಟ್ಟದಂಥ ಬಿಳಿ ಅನ್ನ. ಮದುಮಗಳ ತಂದೆ ಕೈ ಹಿಡಿದುಕೊಂಡು, ಒಂದು ಹಿಡಿ ಮೊಸರನ್ನವಾದರೂ ತಿನ್ನಿ ಎಂದು ಬೇಡಿಕೊಂಡರು. ಅತ್ತೆ ನನ್ನ ಮುಖ ನೋಡಿದಳು.

ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಅತ್ತೆಯೇ ಬೇಡವೆಂದಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವಳು ಬಾಯಿ ಬಿಟ್ಟಿರಲಿಲ್ಲ. ನನಗೆ ಹಸಿವಿಲ್ಲ ಎಂದವನು ನಾನು. ಇನ್ನೊಂದೇ ವಾರ ಉಳಿದಿದೆ, ನನ್ನನ್ನು ಏನೆಂದುಕೊಂಡಿದ್ದೀರಿ ಎಂಬ ಜಂಬ. ಹಟ ನಮ್ಮ ಮನೆತನದಲ್ಲಿ ಅತ್ತೆಯೊಬ್ಬಳಿಗೇ ಬಂದಿದೆಯೇ?

"ಭಲೇ," ಎಂದಳು ಅತ್ತೆ. "ಸ್ಟ್ಯಾಂಡಿಗೆ ಹೋಗಾಣ ನಡಿ."

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆವು. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಅತ್ತೆ ಬಂದು ಹೋಗುವ ಬಸ್ಸುಗಳ ತಪ್ಪು ಹುಡುಕುತ್ತಿದ್ದಳು: ಇದು ಐದು ನಿಮಿಷ ತಡ, ಅದರ ಕಂಡಕ್ಟರಿಗೆ ಸೀಟಿ ಊದಲು ಬರುವುದಿಲ್ಲ. ನನಗೆ ಅವಳ ಮಾತು ದೂರದಿಂದ ಕೇಳಿದಂತಾಯಿತು. ಬೆರಳು ನಡುಗುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಎದುರಿನ ಬಸ್ಸಿನ ಬೋರ್ಡು ಓದಲು ನೋಡಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಬಿಸಿಲು ಅತ್ತೆ ಎಂದೆ. ಕೂತಿದ್ದದ್ದು ನೆರಳಿನಲ್ಲಿ.

ಅತ್ತೆ ನನ್ನ ಕೈ ಮುಟ್ಟಿ ನೋಡಿದಳು. ಆಮೇಲೆ ನಾನು ಕಂಡದ್ದು ಅರುವತ್ತು ದಾಟಿದ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು. ಅಂಗಡಿಯವನ ಫ್ರಿಜ್ಜಿನ ಬಾಗಿಲನ್ನು ತಾನೇ ಎಳೆದು ಒಂದು ಬಾಟಲಿ ಕಿತ್ತುಕೊಂಡಳು. ಕಪ್ಪು ಬಣ್ಣದ್ದು, ಬುಸುಬುಸು ಗುಳ್ಳೆ ಏಳುವಂಥದ್ದು. ಟಿವಿಯಲ್ಲಿ ಅದರ ಜಾಹೀರಾತು ಬಂದರೆ ಟಿವಿಗೇ ಬೈಯುತ್ತಿದ್ದಳು. ಮುಚ್ಚಳ ಬಿಚ್ಚಲು ಕೈ ಬರದೆ ಹಲ್ಲಲ್ಲಿ ಕಚ್ಚಿ ತಿರುಗಿಸಿದಳು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಬಾಟಲಿಯನ್ನು ತುಟಿಗಿಟ್ಟಳು.

"ಕುಡಿ. ಕುಡಿ ನನ್ನಪ್ಪ. ಒಂದು ಗುಟುಕು. ಇನ್ನೊಂದು."

ಅರ್ಧ ಬಾಟಲಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಕ್ಷರಗಳು ತಮ್ಮ ತಮ್ಮ ಜಾಗಕ್ಕೆ ಇಳಿದವು. ಅವು ಹೊಸದುರ್ಗ-ಚಿತ್ರದುರ್ಗ ಎಂದು ಓದಿಸಿಕೊಂಡವು. ಚೀಲದ ಬಸ್ಸು ಬಂದಿತ್ತು. ಅದು ಎಷ್ಟು ಹೊತ್ತಿಗೆ ಬಂತೆಂದು ಅತ್ತೆ ನೋಡಲಿಲ್ಲ. ಆ ಬಸ್ಸಿನ ಕಂಡಕ್ಟರ್ ಚೀಲ ತಂದುಕೊಟ್ಟು, ಏನಾಯ್ತಕ್ಕ ಎಂದು ಕೇಳಿದ. ಅತ್ತೆ ಬುತ್ತಿ ಬಿಚ್ಚಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮಗುವಿಗೆ ಇಡುವಂತೆ ನನ್ನ ಬಾಯಿಗೆ ಇಟ್ಟಳು. ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದರು. ಐವತ್ತೊಂದು ವರ್ಷದ ಡ್ರಾಯಿಂಗ್ ಮೇಷ್ಟ್ರು ಬಾಯಿ ತೆರೆದ, ನುಂಗಿದ.

ದುರ್ಗದ ಬಸ್ಸು ಹತ್ತಿದೆವು. ಚೀಲ ಈ ಸಲ ಅವಳ ಮಡಿಲಲ್ಲಿತ್ತು. ಭೀಮಸಮುದ್ರ ಹತ್ತಿರವಾದಾಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ನಿಮ್ಮಪ್ಪಂಗೂ ಒಂದಿನ ಹಿಂಗೇ ಆಗಿತ್ತು ಕಣೋ. ಇದೇ ರಸ್ತೆ. ನನ್ನ ಬಸ್ಸಲ್ಲೇ ಇದ್ದ. ಕೈ ನಡುಗ್ತೈತೆ ಕಣಮ್ಮ, ಏನಾದ್ರೂ ತಿನ್ಬೇಕು, ನಿಲ್ಸು ಅಂದ. ಟೈಮಾಗೈತೆ, ಹೊಳಲ್ಕೆರೆ ಬರ್ಲಿ ಇರಣ್ಣ ಅಂದೆ. ನಿಲ್ಸಲಿಲ್ಲ."

ನನಗೆ ಗೊಂದಲವಾಯಿತು. ಈ ಘಟನೆ ನನಗೆ ಗೊತ್ತಿತ್ತು. ಅಪ್ಪ ಇದನ್ನು ಹತ್ತಾರು ಸಲ ಹೇಳಿದ್ದ, ಹಾಸಿಗೆ ಹಿಡಿದ ಮೇಲೂ ಹೇಳಿದ್ದ. ಅಪ್ಪನ ಕಥೆಯಲ್ಲಿ ಬಸ್ಸು ನಿಂತಿತ್ತು. ತಂಗಿ ನಡುರಸ್ತೆಯಲ್ಲಿ ಸೀಟಿ ಊದಿ, ಐವತ್ತು ಜನರನ್ನು ಬಿಸಿಲಲ್ಲಿ ಕಾಯಿಸಿ, ಪಕ್ಕದ ಮನೆಯೊಂದಕ್ಕೆ ಓಡಿ ಬೆಲ್ಲ ಇಸಿದುಕೊಂಡು ಬಂದಿದ್ದಳು. ಅವಳು ಇಲ್ಲದಿದ್ದರೆ ಅವತ್ತೇ ನಾನು ಟಿಕೆಟ್ ತಗೊಂಡಿದ್ದೆ ಎಂದು ಅಪ್ಪ ನಗುತ್ತಿದ್ದ. ಅದನ್ನು ಅತ್ತೆಗೆ ಹೇಳಿದೆ. ಅವಳು ತಿರುಗಿ ನನ್ನನ್ನೇ ನೋಡಿದಳು.

"ನಿಮ್ಮಪ್ಪ ಸುಳ್ಳ," ಎಂದು ಮತ್ತೆ ಕಿಟಕಿಗೆ ಮುಖ ಮಾಡಿದಳು.

ಯಾರು ಸುಳ್ಳರು? ಬಸ್ಸು ನಿಂತಿತೋ ಇಲ್ಲವೋ? ಬೆಲ್ಲ ಕೊಟ್ಟ ಮನೆಯನ್ನು ಹುಡುಕಿ ಕೇಳಬಹುದು. ನಾನು ಹುಡುಕುವುದಿಲ್ಲ. ಅಣ್ಣನಿಗಾಗಿ ಬಸ್ಸು ನಿಲ್ಲಿಸದ ಕೊರಗಿನಿಂದಲೇ ಅತ್ತೆ ಹೀಗಾದಳು ಎಂದು ಇಲ್ಲಿಗೆ ಗಂಟು ಹಾಕಿಬಿಟ್ಟರೆ ಪ್ರಬಂಧವೇನೋ ಚೆಂದ ಕಾಣುತ್ತದೆ. ಆದರೆ ಅಪ್ಪ ಗಟ್ಟಿಮುಟ್ಟಾಗಿ ಜಾಮೂನು ತಿನ್ನುತ್ತಿದ್ದ ಕಾಲದಲ್ಲೇ ಅವಳು ಆಲೂಗಡ್ಡೆಯನ್ನು ಇಳಿಸುತ್ತಿದ್ದುದು ನನಗೆ ಗೊತ್ತು. ಅವಳ ಹಟ ಅವಳದೇ. ಅದಕ್ಕೆ ಯಾರ ಕಾಲಿನ ಊರುಗೋಲೂ ಬೇಕಿಲ್ಲ.

ಪರೀಕ್ಷೆಯ ಫಲಿತಾಂಶ ಬಂತು. ಸಕ್ಕರೆ ಇಳಿದಿತ್ತು, ಸೂಜಿ ಬೇಡ ಎಂದರು ಡಾಕ್ಟರು. ಹೊಳಲ್ಕೆರೆಯ ಕಥೆ ಕೇಳಿ ಇಬ್ಬರಿಗೂ ಚೆನ್ನಾಗಿ ಬೈದರು. ಊಟ ಇಷ್ಟು ಬದಲಾಯಿಸಿದವರು ನನಗೆ ಹೇಳಬೇಕಿತ್ತು, ಮಾತ್ರೆ ಅವತ್ತೇ ಕಡಿಮೆ ಮಾಡುತ್ತಿದ್ದೆ, ಮಾತ್ರೆ ನುಂಗಿ ಉಪವಾಸ ಕೂತರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಹಾಗೆ ಕೂರುತ್ತಾರೇನ್ರಿ ಎಂದರು. ನಾನು ತಲೆ ತಗ್ಗಿಸಿದೆ. ಅತ್ತೆ ತಗ್ಗಿಸಲಿಲ್ಲ. ತಪ್ಪು ಒಪ್ಪಿಕೊಂಡಳು, ಒಪ್ಪಿಕೊಂಡ ಮರುಕ್ಷಣವೇ, ಮಾತ್ರೆ ಬರೆಯುವ ಮೊದಲು ನೀವಾದರೂ ಇವನು ಏನು ಉಣ್ಣುತ್ತಾನೆಂದು ಕೇಳಬಹುದಿತ್ತಲ್ಲ ಎಂದಳು. ಡಾಕ್ಟರು ಪೆನ್ನು ಮುಚ್ಚಿಟ್ಟು, ಹೇಳಿ ಏನು ಉಣ್ಣುತ್ತಾರೆ ಎಂದರು. ಹೊರಗೆ ಹದಿನಾರು ಜನ ರೋಗಿಗಳು ಕಾಯುತ್ತಿದ್ದರು. ಅತ್ತೆ ಸಾವೆ ಬಿತ್ತನೆಯಿಂದ ಶುರು ಮಾಡಿದಳು.

ಅತ್ತೆ ಈಗ ಅವಳ ಹಳ್ಳಿಗೆ ವಾಪಸ್ಸು ಹೋಗಿದ್ದಾಳೆ. ಮುಂಗಾರಿಗೆ ಮತ್ತೆ ಸಾವೆ ಬಿತ್ತಿದ್ದಾಳೆ, ಅಡಿಕೆಯವರ ನಗುವಿನ ನಡುವೆಯೇ. ನಾನು ಮಾತ್ರ ದ್ರೋಹಿ. ಆಗೀಗ ಗಾಡಿಯ ಮಿರ್ಚಿ ತಿನ್ನುತ್ತೇನೆ, ಆದರೆ ಎಣ್ಣೆಯ ಡಬ್ಬ ನೋಡದೆ ತಿನ್ನಲಾಗುವುದಿಲ್ಲ. ದಿನಾ ಮಧ್ಯಾಹ್ನ ಶಾಲೆಯಲ್ಲಿ ಊಟದ ಬೆಲ್ ಹೊಡೆದ ಕೂಡಲೇ ಅವಳ ಫೋನು ಬರುತ್ತದೆ. ಏನು ಉಂಡೆ, ಅದು ಎಲ್ಲಿಯದು, ಯಾರು ಬೆಳೆದದ್ದು, ಇವನ್ನೆಲ್ಲ ಈಗ ಸಂಜೆಗೆ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಒಂದೇ ಪ್ರಶ್ನೆ.

"ಉಂಡ್ಯೇನೋ?"

ಉಂಡೆ ಎಂದರೆ ನಂಬುವುದಿಲ್ಲ. ಈಗ ಕೂತೆ ಎಂದರೂ ಫೋನು ಇಡುವುದಿಲ್ಲ. ಆ ಕಡೆ ನಾನು ಉಣ್ಣುವ ಸದ್ದಿಗೆ ಕಾಯುತ್ತಾಳೆ. ಅವಳ ಹೊಲದ ಗಾಳಿಯ ಸದ್ದು ನನಗೆ ಕೇಳಿಸುತ್ತದೆ. ಮುದ್ದೆಯನ್ನು ನುಂಗಬೇಕಲ್ಲದೆ ಅಗಿಯುವ ಹಾಗಿಲ್ಲ, ನುಂಗಿದರೆ ಸದ್ದಾಗುವುದಿಲ್ಲ. ಅದಕ್ಕೇ ನಾನು ಮೊದಲು ಈರುಳ್ಳಿಯ ಒಂದು ಹೋಳು ತೆಗೆದುಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಸಹೋದ್ಯೋಗಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕಚ್ಚುತ್ತೇನೆ.